ಗಾಳಿಯಲ್ಲಿ ಹಾಸಿದ ಕಂಬಳಿ

ಓಬಣ್ಣ ಸಾಯುವ ಹಿಂದಿನ ದಿನ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಬೆಳಿಗ್ಗೆ ರೊಪ್ಪದ ಮುಳ್ಳು ಸರಿಸಿ ಕುರಿಗಳನ್ನು ಹೊರಗೆ ಬಿಟ್ಟ. ಕುಂಟುತ್ತಿದ್ದ ಟಗರಿನ ಗೊರಸು ಕೆತ್ತಿ ಬೇವಿನೆಣ್ಣೆ ಸವರಿದ. ಉಣ್ಣಲು ಕೂತಾಗ ಸಾರಿಗೆ ಉಪ್ಪು ಸಾಲದು ಎಂದ.

"ಮೊನ್ನೆ ಜಾಸ್ತಿ ಅಂದಿ, ಇವತ್ತು ಕಡಿಮೆ ಅಂತಿ. ನಿನ್ನ ನಾಲಿಗೆಗೇ ಒಂದು ಜಾತಕ ಬರೆಸ್ಬೇಕು" ಎಂದಳು ಹೆಂಡತಿ ಕಾಳಕ್ಕ. ಅವನು ನಕ್ಕು ಉಪ್ಪಿನ ಡಬ್ಬಿಗೆ ಕೈ ಹಾಕಿದ.

ಸಂಜೆ ಐಮಂಗಲದ ಹೆದ್ದಾರಿ ಪಕ್ಕದ ಟೀ ಅಂಗಡಿಗೆ ಹೋಗಿ ಬಂದ. ಅಲ್ಲಿ ಕೂರುವವರಿಗೆ ಕೆಲಸವಿಲ್ಲ, ಮೊಬೈಲಿದೆ. ಆ ಮೊಬೈಲಿನಲ್ಲಿ ಹದಿನೈದು ದಿನದಿಂದ ಓಬಣ್ಣನದೊಂದು ವಿಡಿಯೋ ಓಡುತ್ತಿತ್ತು. ಶ್ರೀಶೈಲದಲ್ಲಿ ಹಗ್ಗದ ಮೇಲೆ ಹೋಗುವ ಗಾಜಿನ ಡಬ್ಬಿಯೊಳಗೆ, ಸೀಟು ಬಿಟ್ಟು, ಕೆಳಗೆ ಕಂಬಳಿ ಹಾಸಿಕೊಂಡು ಕಣ್ಣು ಮುಚ್ಚಿ ಕೂತಿರುವ ಓಬಣ್ಣ. ಹಿಂದೆ ಯಾರೋ ಕಿಸಿಕಿಸಿ ನಗುವ ಸದ್ದು.

"ಏನಂದ್ರು ಇವತ್ತು ನಿನ್ನ ಅಭಿಮಾನಿಗಳು?" ಎಂದು ಕೇಳಿದಳು ಕಾಳಕ್ಕ.

"ಏನಂತಾರೆ. 'ಏನಪ್ಪ ಓಬಣ್ಣ, ದುರ್ಗದ ಕೋಟೆಗೂ ಹಗ್ಗದ ಗಾಡಿ ಹಾಕ್ತಾರಂತೆ, ಹತ್ತೀಯೇನೋ' ಅಂದ್ರು."

"ನೀನೇನಂದಿ?"

"ಬಂದ್ರೆ ಹೋಗಾಣ ಬಿಡ್ರಿ ಅಂದೆ. ಕಂಬಳಿ ಐತಲ್ಲ."

ಕೋಟೆಗೆ ಹಗ್ಗ ಹಾಕುವ ಮಾತು ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಅವನು ಮಾತ್ರ ಹಾಗೆ ಹೇಳಿದ. ಹೇಳಿ, ಅದೇ ಕಂಬಳಿ ಹೊದ್ದು ಮಲಗಿದ.

ಮರುದಿನ ಬೆಳಿಗ್ಗೆ ರೊಪ್ಪದ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕಾಲಿಗೆ ಮುಳ್ಳು ಚುಚ್ಚಿರಬೇಕು, ತೆಗೆಯುತ್ತಿದ್ದಾನೆ ಎಂದುಕೊಂಡಳು ಕಾಳಕ್ಕ. ಕುರಿಗಳು ಅವನನ್ನು ಮೂಸಿ ಮೂಸಿ ಹಿಂದೆ ಸರಿಯುತ್ತಿದ್ದವು. ಆಗ ಓಡಿದಳು. ಆಟೋ ಹಿರಿಯೂರು ಮುಟ್ಟುವ ಮೊದಲೇ ಮುಗಿದಿತ್ತು. ಡಾಕ್ಟರು ನೋಡಿ, ಹೃದಯದ ತೊಂದರೆ, ತುಂಬಾ ವರ್ಷದಿಂದ ಇದ್ದಿರಬೇಕು, ಹೊರಗೆ ಗೊತ್ತಾಗಿಲ್ಲ ಎಂದರು.

ಡಾಕ್ಟರು ಹೇಳಿದ್ದು ಆಸ್ಪತ್ರೆಯಲ್ಲೇ ಉಳಿಯಿತು. ಊರಿಗೆ ಬಂದದ್ದು ಬೇರೆ ಮಾತು. ಓಬಣ್ಣನ ಅಕ್ಕ ತಿಪ್ಪಕ್ಕ ಹೆಣದ ಮುಂದೆ ಎದೆ ಬಡಿದುಕೊಂಡು ಅದನ್ನು ಹುಟ್ಟಿಸಿದಳು. "ನೆಲ ಬಿಟ್ಟು ಅರಿಯದ ನನ್ನ ತಮ್ಮನ್ನ ಗಾಳ್ಯಾಗೆ ನೇತಾಡಿಸಿ ಎದೆ ಒಡಿಸಿದ್ಲಲ್ಲಪ್ಪ. ಆ ಹೆದರಿಕೆ ಎದ್ಯಾಗೇ ಕುಂತಿತ್ತು, ಇವತ್ತು ಎದ್ದು ತಿಂತು."

ನೇತಾಡಿಸಿದವಳು ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಕಾಳಕ್ಕನ ಮುಖ ನೋಡಿದರು.

ಹೆದರಿಕೆ ಇತ್ತು, ಸುಳ್ಳಲ್ಲ. ಓಬಣ್ಣ ಕತ್ತಲೆಗೆ ಹೆದರಿದವನಲ್ಲ, ಚಿರತೆಗೆ ಹೆದರಿದವನಲ್ಲ. ಕಡಲೆಕಾಯಿ ಕಿತ್ತ ಮೇಲೆ ಕುರಿ ಹೊಡೆದುಕೊಂಡು ಧರ್ಮಪುರದ ಕಡೆಗೆ, ಬೇಸಿಗೆಯಲ್ಲಿ ಗೊಬ್ಬರಕ್ಕೆ ಮಂದೆ ಕೂರಿಸಲು ಹೊಳಲ್ಕೆರೆಯ ತೋಟಗಳಿಗೆ, ಒಬ್ಬನೇ ನಡೆದು ಹೋಗಿ ಬಂದವನು. ಮಕ್ಕಳಿಲ್ಲ, ಕುರಿಗಳಿದ್ದವು. ಆದರೆ ಕಾಲಿನ ಕೆಳಗಿನ ನೆಲ ಅಲುಗಾಡಬಾರದು. ಪಂಚಮಿಯ ಜೋಕಾಲಿಗೂ ಕೂತವನಲ್ಲ.

"ಸೊಪ್ಪು ಕೊಯ್ಯಾಕೆ ಅಷ್ಟೆತ್ತರ ಮರ ಹತ್ತೀಯ, ಜೋಕಾಲಿಗೆ ಹೆದರ್ತೀಯಲ್ಲ, ಗಂಡಸೇನಪ್ಪ ನೀನು" ಎಂದು ಕಾಳಕ್ಕ ಅಣಕಿಸುತ್ತಿದ್ದಳು.

"ಮರಕ್ಕೆ ಬೇರೈತೆ ಕಣೇ" ಎನ್ನುತ್ತಿದ್ದ.

ಶ್ರೀಶೈಲಕ್ಕೆ ಹೊರಡಿಸಿದವನು ರಘುನಾಥ್, ಕಾಳಕ್ಕನ ತಂಗಿ ಲತಾಳ ಗಂಡ. ಹಿರಿಯೂರಿನಲ್ಲಿ ಜನಕ್ಕೆ ವಿಮೆ ಮಾಡಿಸುವ ಕೆಲಸ. ಅಂದರೆ ದಿನವಿಡೀ ಬಾಗಿಲು ಬಾಗಿಲಿಗೆ ಹೋಗಿ ಸಾವಿನ ಹೆದರಿಕೆ ಹುಟ್ಟಿಸಿ ಹೊಟ್ಟೆ ಹೊರೆಯುವುದು. ಅವನೂ ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದವನು, ಆದರೆ ಈಗ ಉಣ್ಣೆ ಎಂದರೆ ಸೀನುತ್ತಾನೆ. ಬೇಸಿಗೆ ರಜೆಗೆ ಟೆಂಪೋ ಟ್ರಾವೆಲರ್ ಮಾಡಿಸಿ, "ಷಡ್ಡಕರೇ, ನೀವೂ ಬರ್ರಿ, ಲೋಕ ನೋಡ್ರಿ" ಎಂದ. ಓಬಣ್ಣ ಕುರಿಗಳನ್ನು ತಿಪ್ಪಕ್ಕನ ಮನೆಯವರಿಗೆ ಒಪ್ಪಿಸಿ ಕಂಬಳಿ ಹೆಗಲಿಗೆ ಹಾಕಿದ. ಬಿಸಿಲಲ್ಲಿ ಕಂಬಳಿ ಯಾಕೆ ಎಂದು ರಘುನಾಥ್ ದಾರಿಯುದ್ದಕ್ಕೂ ಮೂಗು ಒರೆಸಿಕೊಂಡ.

ಮಲ್ಲಿಕಾರ್ಜುನನ ದರ್ಶನವಾಯಿತು. ಕೆಳಗೆ ಪಾತಾಳಗಂಗೆಗೆ ಇಳಿಯಲು ಮೆಟ್ಟಿಲೂ ಇದ್ದವು, ಹಗ್ಗದ ಗಾಡಿಯೂ ಇತ್ತು. ಟಿಕೆಟ್ ತೆಗೆದುಕೊಂಡ ಮೇಲೆ ಓಬಣ್ಣ ತಲೆ ಎತ್ತಿ ನೋಡಿದ. ಡಬ್ಬಿಗಳು ಹಗ್ಗಕ್ಕೆ ಜೋತುಬಿದ್ದು ಕಣಿವೆಯ ಮೇಲೆ ಹೋಗುತ್ತಿದ್ದವು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಮೆಟ್ಲು ಅವಲ್ಲ. ನೀವು ಹೋಗ್ರಿ, ನಾನು ನಡಕಂಡು ಬತ್ತೀನಿ" ಎಂದ.

ರಘುನಾಥ್‌ಗೆ ಇದು ಬೇಕಾಗಿತ್ತು. ಮೊಬೈಲು ತೆಗೆದು, ಭಯ ಹೋಗಲಾಡಿಸುವುದು ಹೇಗೆ ಎಂದು ಹುಡುಕಿ ಓದತೊಡಗಿದ. "ಉಸಿರು ನಿಧಾನಕ್ಕೆ ಎಳಕೊಳ್ರಿ. ಕೆಳಗೆ ನೋಡಬ್ಯಾಡ್ರಿ. ನಿಮಗೆ ಇಷ್ಟವಾದ ಒಂದು ಜಾಗ ನೆನೆಸಿಕೊಳ್ರಿ. ಏನು ನೆನೆಸಿಕೊಂಡ್ರಿ?"

"ನೆಲ" ಎಂದ ಓಬಣ್ಣ.

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವರೂ ಸೆರಗಿನ ತುದಿ, ಮಕ್ಕಳ ರಟ್ಟೆ, ಚೀಲದ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡೇ ನಕ್ಕರು. ಬೇರೆಯವನ ಹೆದರಿಕೆ ಸಿಕ್ಕರೆ ಜನ ತಮ್ಮದನ್ನು ಅದರ ಹಿಂದೆ ಬಚ್ಚಿಡುತ್ತಾರೆ. ಕಾಳಕ್ಕನಿಗೆ ಅವರನ್ನು ನೋಡಿ ಹೇಸಿಗೆಯಾಯಿತು. ಗಂಡನ ಮೇಲೂ ಸಿಟ್ಟು ಬಂತು.

"ನಾನು ಹತ್ತೇ ಹತ್ತೀನಿ. ನೀನು ಮೆಟ್ಲಾಗೆ ಬಾ. ಈ ಮೂಗು ಒರೆಸ್ಕಳೋನ ಪಕ್ಕ ನನ್ನ ಕೂಡ್ರಿಸಿ ಕಳಿಸು" ಎಂದಳು.

ಓಬಣ್ಣ ಅವಳ ಹಿಂದೆ ಸಾಲಿಗೆ ಬಂದು ನಿಂತ. ಆಮೇಲೆ ಡಬ್ಬಿ ಹತ್ತಿದ. ಹತ್ತಿದವನು ಸೀಟಿನ ಮೇಲೆ ಕೂರಲಿಲ್ಲ. ಕಂಬಳಿಯನ್ನು ಹೆಗಲಿನಿಂದ ಇಳಿಸಿ, ಮಡಿಕೆ ಬಿಡಿಸಿ, ಕಾಲಿಡುವ ಜಾಗದಲ್ಲಿ ಹಾಸಿದ. ಚಪ್ಪಲಿ ಬಿಟ್ಟು ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ.

ಗೊತ್ತಿಲ್ಲದವರಿಗೆ ಅದು ನಗೆ. ಕುರಿಯವರಿಗೆ ಕಂಬಳಿ ಹಾಸಿದ ಜಾಗವೇ ನೆಲ. ಮಳೆಯಲ್ಲಿ ಕೆಸರಿನ ಮೇಲೆ ಹಾಸಿದರೆ ಅದು ಮನೆ, ಹಿರಿಯರು ನ್ಯಾಯ ಹೇಳಲು ಹಾಸಿದರೆ ಅದು ಗದ್ದುಗೆ. ಅದರ ಮೇಲೆ ಚಪ್ಪಲಿ ಕಾಲಿಡಬಾರದು, ಅದರ ಮುಂದೆ ಸುಳ್ಳು ಆಡಬಾರದು. ರಘುನಾಥ್‌ಗೂ ಇದು ಗೊತ್ತಿತ್ತು. ಗೊತ್ತಿದ್ದೂ ವಿಡಿಯೋ ಹಿಡಿದ.

ಡಬ್ಬಿ ಜಾರಿ ನೆಲ ಬಿಟ್ಟಿತು. ಓಬಣ್ಣ ಕಣ್ಣು ಮುಚ್ಚಿ ಎರಡು ಅಂಗೈಯನ್ನೂ ಉಣ್ಣೆಯ ಮೇಲೆ ಒತ್ತಿ ಹಿಡಿದಿದ್ದ. ಕಾಳಕ್ಕ ಸೀಟಿನಿಂದ ಬಾಗಿ ಅವನ ಎದೆಯ ಮೇಲೆ ಕೈ ಇಟ್ಟಳು. ಹೊಡೆದುಕೊಳ್ಳುತ್ತಿತ್ತು, ಮೊದಲ ಸಲ ಉಣ್ಣೆ ಕತ್ತರಿಗೆ ಸಿಕ್ಕ ಕುರಿಯ ಎದೆಯಂತೆ. ಹಾಗೇ ಇಟ್ಟುಕೊಂಡಳು. ಅರ್ಧ ದಾರಿಯಲ್ಲಿ ಕಡಿಮೆಯಾಯಿತು. ಕೆಳಗೆ ಮುಟ್ಟುವಾಗ ಅವನು ಒಂದು ಕಣ್ಣು ತೆರೆದಿದ್ದ.

ಹೊಳೆಯಲ್ಲಿ ಮುಳುಗಿ ಎದ್ದು ತಲೆ ಒರೆಸಿಕೊಳ್ಳುತ್ತಾ, "ಮ್ಯಾಲೆ ಹೋಗುವಾಗ ಮೆಟ್ಲಾಗೇ ಹೋಗಾಣ" ಎಂದಳು ಕಾಳಕ್ಕ. ಸಿಟ್ಟು ಇಳಿದಿತ್ತು.

"ಯಾಕೆ? ಟಿಕೆಟ್ ಎರಡೂ ಕಡೀದು ಐತಲ್ಲ" ಎಂದ ಓಬಣ್ಣ. ತಾನೇ ಮುಂದೆ ನಡೆದ.

ಮೇಲೆ ಬರುವಾಗಲೂ ಓಬಣ್ಣ ಕಂಬಳಿ ಹಾಸಿಯೇ ಕೂತಿದ್ದ. ನಡುದಾರಿಯಲ್ಲಿ ಡಬ್ಬಿ ನಿಂತಿತು. ಅಲ್ಲಿ ಅದು ಮಾಮೂಲಂತೆ, ತುದಿಯಲ್ಲಿ ಜನ ಹತ್ತಿ ಇಳಿಯಲು ನಿಲ್ಲಿಸುತ್ತಾರೆ. ಗಾಳಿಗೆ ಡಬ್ಬಿ ಸ್ವಲ್ಪ ತೂಗಿತು. ರಘುನಾಥ್‌ನ ಮೊಬೈಲು ಜೇಬಿಗೆ ಹೋಯಿತು. ಮುಖ ಸುಣ್ಣವಾಯಿತು. ಸೀಟಿನಿಂದ ಜಾರಿ ಜಾರಿ ಕೆಳಗೆ ಬಂದು ಕಂಬಳಿಯ ಮೇಲೆ ಕುಸಿದ.

"ಲೇ, ಬೂಟು" ಎಂದ ಓಬಣ್ಣ.

"ಏನ್ರಿ?"

"ಬೂಟು ಬಿಚ್ಚಿ ಕುಂತ್ಕ."

ನಡುಗಾಳಿಯಲ್ಲಿ ರಘುನಾಥ್ ಬೂಟಿನ ಲಾಡಿ ಬಿಚ್ಚಿದ. ಅವಸರಕ್ಕೆ ಒಂದು ಗಂಟಾಯಿತು, ಲತಾ ಬಿಡಿಸಿ ಕೊಟ್ಟಳು. ಓಬಣ್ಣ ಜಾಗ ಬಿಟ್ಟು ಎದ್ದು ಹೆಂಡತಿಯ ಪಕ್ಕ ನಿಂತು, ಗಾಜಿಗೆ ಹಣೆ ಹಚ್ಚಿ ಕೆಳಗಿನ ಕಾಡು ನೋಡಿದ. "ಕುರಿಗೆ ಒಳ್ಳೆ ಮೇವೈತೆ" ಎಂದ. ಕಾಳಕ್ಕ ಮತ್ತೆ ಅವನ ಎದೆ ಮುಟ್ಟಿದಳು. ಉಂಡು ಮಲಗಿದ ಹೊತ್ತಿನಲ್ಲಿ ಹೇಗಿರುತ್ತಿತ್ತೋ ಹಾಗೇ ಇತ್ತು.

ಇದರ ವಿಡಿಯೋ ಇಲ್ಲ. ಹಿಡಿಯುವವನು ಕೆಳಗೆ ಕೂತಿದ್ದ. ಊರಿಗೆ ಬಂದ ಮೇಲೆ ಹರಡಿದ್ದು ಮೊದಲಿನದು ಮಾತ್ರ.

ಹನ್ನೊಂದನೇ ದಿನದ ಎಡೆಗೆ ಓಬಣ್ಣನ ಕಂಬಳಿ ಮಡಿಸಿ ಇಟ್ಟು, ಅದರ ಮೇಲೆ ಅವನ ರುಮಾಲು, ಕೋಲು ಇಟ್ಟಿದ್ದರು. ನೆಂಟರೂ ಊರವರೂ ಸೇರಿದ್ದರು. ತಿಪ್ಪಕ್ಕ ಮತ್ತೆ ಶುರು ಮಾಡಿದಳು. ಹೆದರಿಸಿ ಕೊಂದಳು ಎಂಬ ಮಾತು ಈಗ ಅಳುವಿನ ಜೊತೆ ಬರುತ್ತಿರಲಿಲ್ಲ, ಮಾತಿನಂತೆಯೇ ಬರುತ್ತಿತ್ತು. ರಘುನಾಥ್ ಗಂಭೀರವಾಗಿ ತಲೆ ಆಡಿಸಿ, "ಪಾಪ, ಅವತ್ತೇ ಬಹಳ ಗಾಬರಿಯಾಗಿದ್ರು. ವಿಡಿಯೋದಾಗೆ ಕಾಣ್ತೈತಲ್ಲ" ಎಂದು ಮೊಬೈಲು ತೆಗೆದ.

ಕಾಳಕ್ಕ ಎದ್ದು ಬಂದು ಎಡೆಯ ಹತ್ತಿರ ನಿಂತಳು.

"ರಘುನಾಥಪ್ಪ, ಮೊಬೈಲು ಇಡು. ಈ ಕಂಬಳಿ ನೋಡ್ಕಂಡು ಹೇಳು. ಬರುವಾಗ ಇದರ ಮ್ಯಾಲೆ ಕುಂತೋರ್ಯಾರು?"

ರಘುನಾಥ್ ಸೀನಿದ. ಮೂಗು ಒರೆಸಿಕೊಂಡ. "ಅದು... ನನಗೆ ಕಾಲು ಹಿಡಕಂಡಿತ್ತು."

"ಕಾಲಲ್ಲ ಹಿಡಕಂಡಿದ್ದು" ಎಂದಳು ಲತಾ. ಅಲ್ಲಿಯವರೆಗೆ ಮೂಲೆಯಲ್ಲಿ ಎಲೆ ಒರೆಸುತ್ತಾ ಕೂತಿದ್ದವಳು. "ನೀವು ಹೆದರಿ ಕುಂತ್ರಿ. ಭಾವ ನಿಮ್ಮ ಬೂಟು ಬಿಚ್ಚಿಸಿ ಜಾಗ ಬಿಟ್ಟುಕೊಟ್ರು. ಅವರು ನಿಂತ್ಕಂಡು ಬಂದ್ರು."

ಯಾರೋ ಹಿಂದೆ ನಕ್ಕರು. ಹದಿನೈದು ದಿನ ಓಬಣ್ಣನನ್ನು ನೋಡಿ ನಕ್ಕ ಬಾಯಿಯೇ ಇರಬೇಕು. ಆ ಬಾಯಿಗೆ ಯಾರಾದರೂ ಆಗುತ್ತದೆ.

"ಹೋಗುವಾಗ ಹೆದರಿದ್ದ, ಹೌದು" ಎಂದಳು ಕಾಳಕ್ಕ. "ನನ್ನ ಕೈ ಅವನ ಎದೆ ಮ್ಯಾಲಿತ್ತು. ಬರುವಾಗ್ಲೂ ಇತ್ತು. ಬರುವಾಗ ಹೆದರಿಕೆ ಇರ್ಲಿಲ್ಲ. ಇಲ್ಲಿರೋರಲ್ಲಿ ಯಾರ ಕೈಯಾದ್ರೂ ಅಲ್ಲಿದ್ರೆ ಹೇಳ್ರಿ."

 ತಿಪ್ಪಕ್ಕ ಸೆರಗು ಸರಿಮಾಡಿಕೊಂಡು, "ಆದ್ರೂ ಕರಕಂಡು ಹೋಗಬಾರದಿತ್ತು" ಎಂದಳು. ಆಮೇಲೆ ಎಲೆ ಹಾಕಿದರು. ಎಲ್ಲರೂ ಉಂಡರು. ತಿಪ್ಪಕ್ಕ ಎರಡು ಸಲ ಅನ್ನ ಹಾಕಿಸಿಕೊಂಡಳು.

ಊರು ಈಗಲೂ ಅದನ್ನೇ ಹೇಳುತ್ತದೆ. ಹೇಳಲಿ. ಕಾಳಕ್ಕ ಕಿವಿ ಕೊಡುವುದಿಲ್ಲ.

ಕಂಬಳಿಯನ್ನು ಅವನ ಜೊತೆಗೇ ಮಣ್ಣಿಗೆ ಹಾಕಬೇಕಿತ್ತು ಎಂದವರಿದ್ದಾರೆ. ಅವಳು ಕೊಟ್ಟಿಲ್ಲ. ರಾತ್ರಿ ಅವಳೇ ಹಾಸಿ ಮಲಗುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ, ರೊಪ್ಪದ ಮುಳ್ಳು ಸರಿಸುವ ಮೊದಲು, ಅದನ್ನು ಅಂಗಳಕ್ಕೆ ತಂದು ಎರಡು ತುದಿ ಹಿಡಿದು ಜೋರಾಗಿ ಕೊಡವುತ್ತಾಳೆ. ಧೂಳು ಹಾರುತ್ತದೆ. ಕೊಡವಿ, ಬಿಸಿಲು ಬೀಳುವ ಗೋಡೆಯ ಮೇಲೆ ಹರವುತ್ತಾಳೆ.