ದಾರಿಮಾತೆಯ ಗುಡಿಯ ಚರಿತ್ರೆ ಬರೆಯುವಾಗ ಜಪಮಾಲೆಗೆ ಮಾತು ಬಂದದ್ದು

ನನ್ನ ಹೆಂಡತಿ ಜಪಮಾಲೆಗೆ ಮಾತು ನಿಂತದ್ದು ಹೋದ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಎರಡನೆಯ ವಾರ, ಮಂಗಳವಾರ ಬೆಳಿಗ್ಗೆ ಸುಮಾರು ಎಂಟೂವರೆಗೆ. ನಮ್ಮ ಚರ್ಚಿನ ದೇವಮಾತೆಯಾದ ದಾರಿಮಾತೆಯನ್ನು ನಂಬಿದವರೆಲ್ಲ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ನಾನು. ಬಣ್ಣ ಕಟ್ಟಿ ಹೇಳುವುದು ನನಗೆ ಬರುವುದಿಲ್ಲ, ಬೇರೆಯವರು ಕಟ್ಟಿದರೆ ಹೊಡೆದುಹಾಕುವ ಅಭ್ಯಾಸ ಮಾತ್ರ ಇದೆ.

ಆ ಬೆಳಿಗ್ಗೆ ನಾನು ಮೇಜಿನ ಮುಂದೆ ಕೂತು ನಮ್ಮ ಚರ್ಚಿನ ಚರಿತ್ರೆ ಬರೆಯುತ್ತಿದ್ದೆ. ಹಳಬರು ಅದನ್ನು ಈಗಲೂ ಗುಡಿ ಎಂದೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ. ಸೆಪ್ಟೆಂಬರಿನ ಹಬ್ಬಕ್ಕೆ ಒಂದು ಪುಸ್ತಕ ತರಬೇಕೆಂದು ಗುಡಿಯ ಸ್ವಾಮಿಗಳು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಜಪಮಾಲೆ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಮಾತಾಡುತ್ತಿದ್ದಳು. ಎದುರುಮನೆಯವರು ಹೊಸದಾಗಿ ತಂದ ನಾಯಿ, ಮಗಳು ಶೀಲಾ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚದೆ ಸ್ಕೂಲಿಗೆ ಕಳಿಸುವುದು, ತರಕಾರಿಯವನು ಹಾಕುವ ಕೊತ್ತಂಬರಿ ಕಟ್ಟಿನ ಗಾತ್ರ. ಯಾವುದಕ್ಕೂ ನನ್ನ ಉತ್ತರ ಬೇಕಿರಲಿಲ್ಲ. ನಾನು ತಲೆ ಎತ್ತದೆ ಹೇಳಿದೆ: "ಒಂದ್ನಿಮಿಷ ಬಾಯ್ ಮುಚ್ಕೊಂಡಿರ್ತೀಯಾ?"

ಅವಳು ಸುಮ್ಮನಾದಳು. ನನಗೆ ಹಾಯೆನಿಸಿತು. ಒಂದು ಪುಟ ಮುಗಿಸಿದ ಮೇಲೆ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಬಲಗೈ ಮಡಿಲಲ್ಲಿ ಬೇರೆಯವರ ಕೈಯಂತೆ ಬಿದ್ದಿತ್ತು, ಬಾಯಿ ಒಂದು ಕಡೆಗೆ ಜಾರಿತ್ತು. "ತ... ತ..." ಎಂದಳು. ಅಷ್ಟೇ.

ಪಕ್ಕದ ಮನೆಯ ಶಾಂತಮ್ಮನವರು ಆಟೋ ನಿಲ್ಲಿಸಿದರು. ಅವರದು ಪೇಟೆಯಲ್ಲಿ ತಲೆಮಾರುಗಳಿಂದ ಅಕ್ಕಿ ವ್ಯಾಪಾರದ ಮನೆ. ಆಸ್ಪತ್ರೆ ಸೇರಿದ ಮಾರನೆಯ ದಿನ ಅವರು ಗವಿಪುರದ ಶಿವನ ಗುಡಿಯ ವಿಭೂತಿಯನ್ನು ಕಾಗದದಲ್ಲಿ ಕಟ್ಟಿ ತಂದು, ನನ್ನನ್ನು ಒಂದು ಮಾತೂ ಕೇಳದೆ ಜಪಮಾಲೆಯ ದಿಂಬಿನ ಕೆಳಗೆ ಇಟ್ಟರು. ಅಲ್ಲಿ ಮೊದಲೇ ನಾನಿಟ್ಟ ಜಪಸರವಿತ್ತು. ಎರಡೂ ಹನ್ನೊಂದು ದಿನ ಅಲ್ಲೇ ಇದ್ದವು.

ಸ್ಟ್ರೋಕ್ ಆಗಿತ್ತು. ಮಿದುಳಿನ ಎಡಭಾಗದಲ್ಲಿ, ಮಾತು ಇರುವ ಕಡೆ. ಡಾಕ್ಟರು ಸಮಾಧಾನದಿಂದಲೇ ವಿವರಿಸಿದರು: "ನೀವು ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ ಸಾರ್. ವಾಪಸ್ ಹೇಳೋಕೆ ಪದ ಸಿಗ್ತಿಲ್ಲ. ಕೈ ಕಾಲು ಸುಧಾರಿಸುತ್ತೆ. ಮಾತಿನ ವಿಷಯ ಕಾದು ನೋಡ್ಬೇಕು."

ಕಾದು ನೋಡಿದೆವು. ಮನೆಗೆ ಬಂದ ಮೇಲೆ ವಾರಕ್ಕೆರಡು ಸಲ ಮಾತಿನ ತರಬೇತಿಗೆ ಒಬ್ಬ ಮೇಡಂ ಬರುತ್ತಿದ್ದರು. ಶೀಲಾ ಹನುಮಂತನಗರದಿಂದ ದಿನಾ ಮಧ್ಯಾಹ್ನದ ಬಸ್ಸಿನಲ್ಲಿ ಬಂದು, ಅಮ್ಮನಿಗೆ ಸ್ನಾನ ಮಾಡಿಸಿ, ಮಗಳ ಸ್ಕೂಲ್ ಬಿಡುವ ಹೊತ್ತಿಗೆ ವಾಪಸ್ ಓಡುತ್ತಿದ್ದಳು. ಮೇಡಂ ಚಿತ್ರದ ಕಾರ್ಡುಗಳನ್ನು ತೋರಿಸುವರು: ಹಸು, ಲೋಟ, ಕೊಡೆ. ಜಪಮಾಲೆ ಲೋಟದ ಚಿತ್ರ ನೋಡುವಳು, ತುಟಿ ಅಲುಗಿಸುವಳು, "ತ... ತ..." ಎನ್ನುವಳು. ಮೂರನೆಯ ವಾರ ಕಾರ್ಡನ್ನು ಕಿತ್ತು ಎಸೆದಳು. ಎಸೆದದ್ದು ಎಡಗೈಯಲ್ಲಿ, ಬಿದ್ದದ್ದು ನನ್ನ ಕಾಲಿನ ಹತ್ತಿರ. ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಅಳುವುದಕ್ಕೆ ಪದ ಬೇಕಾಗುವುದಿಲ್ಲ ಎಂದು ನನಗೆ ಆ ದಿನ ಗೊತ್ತಾಯಿತು.

ಪಾಸ್ಖ, ಅಂದರೆ ಈಸ್ಟರ್ ಹಬ್ಬ ಬಂತು, ಹೋಯಿತು. ಬಾಯಿ ಮುಚ್ಚಿಕೊಂಡಿರು ಎಂದದ್ದು, ಅವಳ ಮಾತು ನಿಲ್ಲುವ ಮುಂಚೆ ನಾನು ಅವಳಿಗೆ ಹೇಳಿದ ಕೊನೆಯ ಮಾತು, ಅವಳು ಕೇಳಿ ಪಾಲಿಸಿದ ಕೊನೆಯ ಮಾತೂ ಅದೇ. ಇದನ್ನು ಶೀಲಾಗೆ ಹೇಳಲಿಲ್ಲ. ಹಬ್ಬದ ಮುಂಚಿನ ಶನಿವಾರ ಸ್ವಾಮಿಗಳ ಹತ್ತಿರ ಪಾಪನಿವೇದನೆಗೆ ಹೋಗಿ ಹೇಳಿಕೊಂಡೆ. ಅವರು ನನಗಿಂತ ಚಿಕ್ಕವರು, ನನ್ನ ಅಳಿಯನ ವಯಸ್ಸಿನವರು. ಕೇಳಿದರು: "ಚರಿತ್ರೆ ಎಲ್ಲಿಗೆ ಬಂತು ಚೌರಪ್ಪನವರೇ?"

"ಅಲ್ಲೇ ನಿಲ್ಲಿಸ್ಬಿಟ್ಟಿದೀನಿ ಸ್ವಾಮಿ. ಆ ಕಾಗದ ಮುಟ್ಟೋಕೆ ಮನಸ್ಸಾಗ್ತಿಲ್ಲ."

"ಮುಗಿಸಿ. ಅದೇ ನಿಮಗೆ ಪ್ರಾಯಶ್ಚಿತ್ತ."

ಇದೆಂಥ ಪ್ರಾಯಶ್ಚಿತ್ತ ಎಂದು ಸಿಟ್ಟು ಬಂತು. ಮೂರು ಜಪಸರ ಹೇಳು ಎಂದಿದ್ದರೆ ಹೇಳಿ ಮುಗಿಸುತ್ತಿದ್ದೆ. ಆದರೂ ಕಟ್ಟಿದ್ದ ಕಡತ ಬಿಚ್ಚಿದೆ.

ನಮ್ಮ ಗುಡಿಯ ಕಥೆ ನಿಮ್ಮಲ್ಲಿ ಕೆಲವರಿಗೆ ಅಷ್ಟಿಷ್ಟು ಗೊತ್ತು. ಕಟ್ಟಿಸಿದವರು ಸ್ಪೇನ್ ದೇಶದ ಒಬ್ಬ ಗುರುಗಳು. ಜನ ಅವರನ್ನು ದೊಡ್ಡಸ್ವಾಮಿ ಎನ್ನುತ್ತಿದ್ದರು. ಇಲ್ಲಿಗೆ ಬರುವ ಮೊದಲು ಅವರು ಫಿಲಿಪೀನ್ಸ್ ದ್ವೀಪಗಳಲ್ಲಿದ್ದರು. ಆಗ ಅದು ಸ್ಪೇನಿನವರ ಆಳ್ವಿಕೆಯ ಸೀಮೆ. ಅಲ್ಲಿಯ ಮಿಷನ್ ಗುಡಿಗಳು ಕೋಟೆಯ ಹಾಗೆ: ದಪ್ಪ ಗೋಡೆ, ಎತ್ತರದಲ್ಲಿ ಸಣ್ಣ ಕಿಟಕಿ, ಪಕ್ಕದಲ್ಲಿ ಬೇರೆಯಾಗಿ ನಿಂತ ಗಂಟೆಯ ಗೋಪುರ. ಭೂಕಂಪವಾದರೆ ಗೋಪುರ ಗುಡಿಯ ಮೇಲೆ ಬೀಳಬಾರದೆಂದು ಅಲ್ಲಿ ಹಾಗೆ ಕಟ್ಟುವುದಂತೆ. ದೊಡ್ಡಸ್ವಾಮಿ ಬೆಂಗಳೂರಿಗೆ ಬಂದು, ಭೂಮಿ ಅಲುಗದ ಈ ಊರಿನಲ್ಲೂ ಗೋಪುರವನ್ನು ಹದಿನೈದು ಹೆಜ್ಜೆ ದೂರದಲ್ಲೇ ನಿಲ್ಲಿಸಿದರು. ಕಷ್ಟಪಟ್ಟವರ ಕೈ ಹಾಗೆ, ಒಂದು ಸಲ ಕಲಿತದ್ದನ್ನು ಬಿಡುವುದಿಲ್ಲ. ಬಲಿಪೀಠದ ಮೇಲಿನ ದಾರಿಮಾತೆಯ ಮರದ ಪ್ರತಿಮೆ ಅವರ ಜೊತೆಯಲ್ಲೇ ಹಡಗಿನಲ್ಲಿ ಬಂದದ್ದು. ಅವಳ ಒಂದು ಕಾಲು ಮುಂದಿದೆ, ನಡೆಯುತ್ತಿರುವವಳಂತೆ.

ಇಷ್ಟನ್ನು ನಾನು ಕಾಯಿಲೆಗೆ ಮೊದಲೇ ಬರೆದಿದ್ದೆ. ಉಳಿದಿದ್ದದ್ದು ದೊಡ್ಡಸ್ವಾಮಿಯ ಒಂದು ನೋಟುಬುಕ್ಕು. ಸ್ಪ್ಯಾನಿಷ್ ಬಲ್ಲ ಸಿಸ್ಟರ್ ಒಬ್ಬರು ಅದನ್ನು ಕನ್ನಡಕ್ಕೆ ತಿರುಗಿಸಿ ಟೈಪ್ ಮಾಡಿಸಿ ಕೊಟ್ಟಿದ್ದರು. ಅದರ ಕೊನೆಯಲ್ಲಿ ನಮ್ಮ ಗುಡಿಯ ಅರ್ಧ ಪ್ರಾರ್ಥನೆಗಳಿದ್ದವು.

ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ಮೊದಲು ನಮ್ಮ ಗುಡಿಯಲ್ಲಿ ಶನಿವಾರದ ಸಂಜೆ ಒಂದು ಪದ್ಧತಿ ಇತ್ತು. ಮುಂದೆ ನಿಂತವರು ಪ್ರಾರ್ಥನೆಯ ಅರ್ಧ ಸಾಲು ಹೇಳಿ ನಿಲ್ಲಿಸಿಬಿಡುವುದು, ಉಳಿದರ್ಧವನ್ನು ಜನ ಹೇಳುವುದು. ಮುಂದೆ ನಿಂತವರು ಆ ಅರ್ಧವನ್ನು ಯಾವತ್ತೂ ಹೇಳುವಂತಿಲ್ಲ. ಹನ್ನೆರಡು ವರ್ಷದ ಹಿಂದೆ ನಾನು ಗುಡಿಯ ಸಮಿತಿಯ ಕಾರ್ಯದರ್ಶಿಯಾಗಿದ್ದಾಗ ಅದನ್ನು ನಿಲ್ಲಿಸಿದೆ. ಕರಡು ತಿದ್ದುವವನ ಕಣ್ಣಿಗೆ ಖಾಲಿ ಜಾಗ ಅಂದರೆ ಬಿಟ್ಟುಹೋದ ಸಾಲು. ಅರ್ಧಂಬರ್ಧ ಪ್ರಾರ್ಥನೆ ನಗೆಪಾಟಲು ಎಂದು ವಾದಿಸಿ, ಅಚ್ಚಾದ ಪ್ರಾರ್ಥನೆಯ ಹಾಳೆಗಳನ್ನು ತರಿಸಿ ಬೆಂಚಿನ ಮೇಲೆ ಇಡಿಸಿದೆ. ಆಗ ಜಪಮಾಲೆ ಮನೆಯಲ್ಲಿ ನಾಲ್ಕು ದಿನ ನನ್ನ ಜೊತೆ ಜಗಳವಾಡಿದಳು. "ನಮ್ಮಜ್ಜಿ ಹೇಳ್ತಿದ್ದಿದ್ದು ರೀ ಅದು" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ನೋಟುಬುಕ್ಕಿನಲ್ಲಿ ಅದರ ಕಾರಣ ಸಿಕ್ಕಿತು. ದೊಡ್ಡಸ್ವಾಮಿಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. ಅರ್ಧ ಸಾಲು ಹೇಳುವಷ್ಟರಲ್ಲಿ ಅವರ ಪದಗಳು ಮುಗಿದುಹೋಗುತ್ತಿದ್ದವು. ಆಗ ಮುಂದೆ ಕೂತ ಹೆಂಗಸರು ಅಯ್ಯೋ ಪಾಪ ಎಂದು ತಾವೇ ಮುಗಿಸಿಕೊಡುತ್ತಿದ್ದರು. ಅವರು ಹೇಳಿದ್ದನ್ನು ಮರುವಾರದಿಂದ ಎಲ್ಲರೂ ಹೇಳತೊಡಗಿದರು. ಮುಂದೆ ದೊಡ್ಡಸ್ವಾಮಿಗೆ ಕನ್ನಡ ಚೆನ್ನಾಗಿ ಬಂತು, ಆದರೂ ಅವರು ನಿಲ್ಲಿಸುವುದನ್ನು ಬಿಡಲಿಲ್ಲ. ಪುಸ್ತಕದಲ್ಲಿ ಬಲಗಡೆಯ ಅರ್ಧವನ್ನು ಖಾಲಿಯೇ ಇಟ್ಟು, "ಇದು ನನ್ನದಲ್ಲ, ಅವರದು" ಎಂದು ಬರೆದಿದ್ದರು.

ನಾನು ಬೆಂಚಿನ ಮೇಲೆ ಇಡಿಸಿದ್ದ ಹಾಳೆಗಳ ನೆನಪಾಯಿತು. ನಾಚಿಕೆಯಾಯಿತು ಎಂದು ಬರೆದರೆ ಕಡಿಮೆಯಾಗುತ್ತದೆ.

ಪ್ರೆಸ್ಸಿನಲ್ಲಿ ಕರಡು ತಿದ್ದುವುದಕ್ಕೆ ಇಬ್ಬರು ಬೇಕು. ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಅಚ್ಚಾದದ್ದರ ಮೇಲೆ ಕಣ್ಣಿಟ್ಟಿರುತ್ತಾನೆ. ಪಾಸ್ಖ ಕಳೆದು ಎರಡು ವಾರವಾಗಿತ್ತು. ಗುರುವಾರ ಮಧ್ಯಾಹ್ನ, ಊಟವಾಗಿತ್ತು, ಶೀಲಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ನನಗೆ ಜೊತೆಗಾರ ಇಲ್ಲ. ಜಪಮಾಲೆಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಹೆಸರಿಗೆ ಜೊತೆಗಾರಳಾಗಿ ಕೂತಿರಲಿ ಎಂದು ಅವಳ ಎಡಗೈಗೆ ನಾನು ಬರೆದ ಪ್ರತಿ ಕೊಟ್ಟು, ನಾನು ನೋಟುಬುಕ್ಕಿನ ಟೈಪು ಪ್ರತಿಯನ್ನು ಪ್ರೆಸ್ಸಿನ ದನಿಯಲ್ಲಿ ಓದುತ್ತ ಹೋದೆ. ಆ ದನಿಯಲ್ಲಿ ಭಕ್ತಿಯೂ ಇರುವುದಿಲ್ಲ, ಭಾವವೂ ಇರುವುದಿಲ್ಲ. ಅರ್ಧ ಪ್ರಾರ್ಥನೆಗಳ ಪುಟ ಬಂತು.

"ಹಸಿದ ಮನೆಗೆ" ಎಂದು ಓದಿ ನಿಲ್ಲಿಸಿದೆ. ಅಲ್ಲಿಂದ ಮುಂದೆ ಖಾಲಿ ಇತ್ತು.

"ಹಿಟ್ಟು ಕಳಿಸು ತಾಯೇ."

ಶೀಲಾ ಹೇಳಿದಳು ಎಂದುಕೊಂಡೆ. ಅವಳ ಬಕೆಟ್ಟಿನ ಸದ್ದು ಹಿತ್ತಲಲ್ಲೇ ಕೇಳುತ್ತಿತ್ತು. ಸಾಲು ತಪ್ಪಿತು. ಹುಡುಕಿ ಮುಂದಿನದನ್ನು ಓದಿದೆ: "ಹೊರಟ ಮಗನಿಗೆ..."

"ದಾರಿ ತೋರ್ಸು ತಾಯೇ."

"ಕಾಯಿಲೆಯ ಮಂಚಕ್ಕೆ..."

"ನಿದ್ದೆ ತಾ, ತಾಯೇ," ಎಂದಳು ನನ್ನ ಹೆಂಡತಿ. ದನಿ ಒರಟಾಗಿತ್ತು, ತುಕ್ಕು ಹಿಡಿದ ಬೋಲ್ಟು ತಿರುಗಿದ ಹಾಗೆ. ಆದರೆ ಒಂದಕ್ಷರವೂ ತಪ್ಪಿರಲಿಲ್ಲ. ಹೇಳಿದ್ದು ತಾನೇ ಎಂದು ಅವಳಿಗೂ ಆಶ್ಚರ್ಯವಾಗಿ, ಎಡಗೈಯಿಂದ ಬಾಯಿ ಮುಟ್ಟಿ ನೋಡಿಕೊಂಡಳು. ನಾನು ಶೀಲಾಳನ್ನು ಕೂಗಿದೆ. ಅವಳು ಒದ್ದೆ ಕೈಯಲ್ಲೇ ಓಡಿಬಂದು, "ಏನಾಯ್ತಪ್ಪಾ, ಮತ್ತೆ ಬಂತಾ?" ಎಂದು ಕಿರುಚಿದಳು. "ಬಂತು" ಎಂದೆ. ಮಾತು ಎಂದು ಸೇರಿಸಿದ್ದು ಆಮೇಲೆ.

ಮಾರನೆಯ ದಿನ ಮೇಡಂ ಬಂದಾಗ ಹೇಳಿದೆವು. ಅವರು ಸಂತೋಷಪಟ್ಟರು, ಆದರೆ ನನ್ನಷ್ಟು ಕುಣಿಯಲಿಲ್ಲ. "ಬಾಯಿಪಾಠ ಆಗಿರೋದು ಮಿದುಳಲ್ಲಿ ಬೇರೆ ಕಡೆ ಉಳ್ಕೊಂಡಿರುತ್ತೆ ಸಾರ್. ಕೆಲವರಿಗೆ ಭಜನೆ ಬರುತ್ತೆ, ಕೆಲವರಿಗೆ ಮಗ್ಗಿ ಬರುತ್ತೆ. ಇದ್ರಿಂದ ಸ್ವಂತ ಮಾತು ಬಂದೇ ಬರುತ್ತೆ ಅಂತ ನಾನು ಹೇಳೋಕಾಗಲ್ಲ. ಆದ್ರೆ ದಾರಿ ಒಂದು ಸಿಕ್ತು."

ಅವರು ಕಾರ್ಡುಗಳನ್ನು ಚೀಲಕ್ಕೆ ಹಾಕಿ ಅರ್ಧ ಮಾತಿನಲ್ಲೇ ಪಾಠ ಶುರುಮಾಡಿದರು. "ಬೆಳಿಗ್ಗೆ ಎದ್ದು ಬಿಸಿ ಬಿಸಿ..." ಎಂದರೆ ಜಪಮಾಲೆ "ಕಾಫಿ" ಎನ್ನುವಳು. "ಮಳೆ ಬಂದ್ರೆ ಹಿಡಿಯೋದು..." ಎಂದರೆ "ಕೊಡೆ". ಮೇ ಕಳೆಯಿತು, ಜೂನ್ ಕಳೆಯಿತು. ನಾವು ಶುರುಮಾಡಿದ್ದನ್ನೆಲ್ಲ ಅವಳು ಮುಗಿಸುತ್ತಿದ್ದಳು. ತಾನಾಗಿ ಒಂದನ್ನೂ ಶುರುಮಾಡುತ್ತಿರಲಿಲ್ಲ. ನೀರು ಬೇಕಾದರೆ ಲೋಟ ತಟ್ಟುತ್ತಿದ್ದಳು. ನಾವು ಬಾಯಿಗೆ ಇಟ್ಟ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ನಾನು ದಿನಾ ಸಂಜೆಯ ಪೂಜೆಗೆ ಹೋಗಿ ದಾರಿಮಾತೆಯ ಮುಂದೆ ಕೂರುತ್ತಿದ್ದೆ. ಮೊದಲು ಎಲ್ಲವನ್ನೂ ಕೇಳುತ್ತಿದ್ದೆ, ಕೈ, ಕಾಲು, ಮಾತು. ಕ್ರಮೇಣ ಬೇಡಿಕೆ ಚಿಕ್ಕದಾಯಿತು. ಅಮ್ಮಾ, ಒಂದು ಮಾತು ಸಾಕು. ಅದು ಅವಳದೇ ಆಗಿರಲಿ, ನಾನು ಶುರುಮಾಡಿ ಕೊಟ್ಟದ್ದು ಬೇಡ. ಇಷ್ಟೇ ಕೇಳಿದೆ.

ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನದ ಮಾರನೆಯ ಬೆಳಿಗ್ಗೆ, ಪುಸ್ತಕದ ಕೊನೆಯ ಕರಡು ಕೈಗೆ ಬಂತು. ಜಪಮಾಲೆ ಈಗ ಕೋಲು ಹಿಡಿದು ವರಾಂಡದವರೆಗೆ ನಡೆಯುತ್ತಿದ್ದಳು. ಅವಳನ್ನು ಅಲ್ಲಿ ಕುರ್ಚಿಯಲ್ಲಿ ಕೂರಿಸಿ ಓದತೊಡಗಿದೆ. ಫಿಲಿಪೀನ್ಸ್ ಓದಿದೆ, ಹಡಗು ಓದಿದೆ, ಗೋಪುರ ಓದಿದೆ. ಅರ್ಧ ಪ್ರಾರ್ಥನೆಯ ಬಗ್ಗೆ ಬರೆದದ್ದು ಬಂತು. ದೊಡ್ಡಸ್ವಾಮಿಯ ವಿಷಯವನ್ನೆಲ್ಲ ವಿವರವಾಗಿ ಬರೆದು, ಕೊನೆಗೆ ನಾನು ಹೀಗೊಂದು ವಾಕ್ಯ ಹಾಕಿದ್ದೆ: "ಕಾಲಕ್ರಮೇಣ ಈ ಪದ್ಧತಿಯು ತಾನಾಗಿಯೇ ನಿಂತುಹೋಯಿತು."

"ಅಲ್ಲ."

ನಾನು ತಲೆ ಎತ್ತಿದೆ. ವಾಕ್ಯ ಪೂರ್ತಿಯಾಗಿತ್ತು, ಅವಳು ತುಂಬಿಸಬೇಕಾದ ಜಾಗ ಅಲ್ಲಿರಲಿಲ್ಲ.

ಅವಳು ಎಡಗೈಯ ಬೆರಳನ್ನು ನನ್ನತ್ತ ಚಾಚಿದಳು. ತುಟಿ ನಡುಗಿತು. ಪದ ಹುಡುಕುತ್ತಿದ್ದಾಳೆಂದು ಕಾಣುತ್ತಿತ್ತು. ನಾನು ಸಹಾಯಕ್ಕೆ ಹೋಗಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಹೂವಿನವಳು ಗೇಟಿನ ಮುಂದೆ ಬಂದು, ಕೂಗಿ, ಮುಂದಿನ ಮನೆಗೂ ಹೋದಳು.

"ನೀವು," ಎಂದಳು. ಆಮೇಲೆ, "ನೀವ್ ನಿಲ್ಸಿದ್ದು."

ನಾನು ಅತ್ತೆ. ಮದುವೆಯಾದ ಮೇಲೆ ಅವಳ ಮುಂದೆ ಅತ್ತದ್ದು ಅದೇ ಮೊದಲು. "ಹೌದು ಜಪಮಾಲೆ, ನಾನೇ ನಿಲ್ಸಿದ್ದು. ನಿನ್ನ ಮಾತೂ ಕೇಳ್ಲಿಲ್ಲ" ಎಂದೆ. ಅವಳು ಕರಡಿನ ಮೇಲೆ ಬೆರಳು ಬಡಿದಳು, ತಿದ್ದು ಎನ್ನುವಂತೆ. ಕೆಂಪು ಪೆನ್ನು ತಂದು, ಅವಳು ನೋಡುತ್ತಿರುವಾಗಲೇ ಆ ವಾಕ್ಯವನ್ನು ಹೊಡೆದು ಪಕ್ಕದಲ್ಲಿ ಬರೆದೆ: "ಈ ಪದ್ಧತಿಯನ್ನು ನಿಲ್ಲಿಸಿದವನು ಈ ಚರಿತ್ರೆ ಬರೆದ ಚೌರಪ್ಪ. ಅದು ಅವನ ತಪ್ಪು." ಪುಸ್ತಕದಲ್ಲಿ ಹಾಗೇ ಅಚ್ಚಾಗಿದೆ, ನೋಡಬಹುದು.

ಮೇಡಂ ಇದಕ್ಕೂ ಒಂದು ವಿವರಣೆ ಕೊಟ್ಟರು. ಸರಿಯಾದ ವಿವರಣೆಯೇ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಅವರನ್ನು ನಮ್ಮ ಮನೆಗೆ ಕಳಿಸಿದವಳು ಯಾರು ಎಂದು ಮಾತ್ರ ನಾನು ಬೇರೆಯಾಗಿ ತಿಳಿದುಕೊಂಡಿದ್ದೇನೆ. ಜಪಮಾಲೆ ಈಗ ಪುಟ್ಟ ಪುಟ್ಟ ವಾಕ್ಯ ಆಡುತ್ತಾಳೆ. ಕೆಲವು ಹೆಸರುಗಳು ಇನ್ನೂ ಸಿಕ್ಕುವುದಿಲ್ಲ. ಹಬ್ಬದ ಒಂಬತ್ತು ದಿನದ ಪ್ರಾರ್ಥನೆಯಿಂದ ಶನಿವಾರದ ಅರ್ಧ ಸಾಲುಗಳೂ ಮತ್ತೆ ಶುರುವಾಗಿವೆ. ಸ್ವಾಮಿಗಳು ಸಮಿತಿಯನ್ನೇನೂ ಕೇಳಲಿಲ್ಲ.

ನಂಬಿದವರೇ, ನಿಮ್ಮ ಮನೆಯಲ್ಲೂ ಯಾರಾದರೂ ಮಾತಿಲ್ಲದೆ ಮಲಗಿದ್ದರೆ ಕೈ ಬಿಡಬೇಡಿ, ಆ ತಾಯಿಯ ಹತ್ತಿರ ಹೋಗಿ ಕೂತುಕೊಳ್ಳಿ. ಅವಳು ಕೇಳಿಸಿಕೊಳ್ಳುತ್ತಾಳೆ. ಈ ಮಾತನ್ನು ನಾನೀಗ ಪ್ರಶ್ನೆಯ ಗುರುತು ಹಾಕದೆ ಬರೆಯಬಲ್ಲೆ. ಒಂದೇ ಒಂದು ಸ್ವಂತ ಮಾತು ಕೊಡು ಎಂದು ಬೇಡಿದ್ದೆ, ಕೊಟ್ಟಳು. ಅದು ನನ್ನನ್ನು ಹೊಗಳುವ ಮಾತಾಗಿರಲಿ ಎಂದು ನಾನು ಬೇಡಿರಲಿಲ್ಲ. ಅವಳಿಗೆ ನನ್ನ ಸಾವಿರ ವಂದನೆ.

— ಚೌರಪ್ಪ, ಚಾಮರಾಜಪೇಟೆ