ಸಿಗ್ನಲ್ ಕಂಬದಿಂದ ಹುಣಸೆ ಮರದವರೆಗೆ

ನಿನ್ನ ಕಾಲು ಹಾಳಾದದ್ದು ಬಿದ್ದದ್ದರಿಂದಲ್ಲ, ಗಂಗಾ — ನನ್ನಿಂದ. ಮೂವತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಕೈಯ ರೊಟ್ಟಿ ತಿಂದಿದ್ದೇನೆ.

ನಮ್ಮ ಆ ಸಣ್ಣ ಸ್ಟೇಷನ್ನಿನಲ್ಲಿ ದಿನಾ ಸಂಜೆ ಸಿಗ್ನಲ್ ಕಂಬ ಏರಿ ಸೀಮೆಎಣ್ಣೆ ದೀಪ ಹಚ್ಚುವ ಕೆಲಸ ನನ್ನದಾಗಿತ್ತು. ನಾಲ್ಕನೇ ಮೆಟ್ಟಿಲಿಗೇ ಅಂಜಿ ಕಂಬವನ್ನು ಅಪ್ಪಿಕೊಂಡು ನಿಂತುಬಿಡುತ್ತಿದ್ದೆ. ಒಂದು ದಿನ ಅದನ್ನು ಕಂಡು ನೀನು ನಕ್ಕೆ. “ಎತ್ತಿಗಿ ಅಂಜಂಗಿಲ್ಲ, ಏಣಿಗಿ ಅಂಜತೀರಲ್ರಿ! ಇಳೀರಿ, ನಾ ಹಚ್ಚಿ ಬರತೇನಿ,” ಎಂದು ಕಚ್ಚೆ ಹಾಕಿ ಏರಿಯೇಬಿಟ್ಟೆ. ಅಂದಿನಿಂದ ನಾಲ್ಕು ವರ್ಷ, ಸ್ಟೇಷನ್ ಮಾಸ್ತರರ ಕಣ್ಣು ತಪ್ಪಿಸಿ, ದೀಪ ಹಚ್ಚಿದವಳು ನೀನು. ಪಗಾರ ತಗೊಂಡವನು ನಾನು.

ಆ ಸಂಜೆ ದೀಪ ಹಚ್ಚಿ ಇಳಿಯುವಾಗ ನೀನು ಜಾರಿಬಿದ್ದೆ, ಎಚ್ಚರ ತಪ್ಪಿದೆ. ನನಗೆ ಮೊದಲು ನೆನಪಾದದ್ದು ನೀನಲ್ಲ — ನೌಕರಿ. ಹೆಂಡತಿಯನ್ನು ಕಂಬ ಏರಿಸಿದ್ದು ತಿಳಿದರೆ ಮನೆಗೆ ಕಳಿಸುತ್ತಾರೆ. ಕಂಬದ ಬುಡದಲ್ಲಿ ನೀನು ಯಾರ ಕಣ್ಣಿಗೂ ಬೀಳಬಾರದು... ಕಂಕುಳಿಗೆ ಕೈ ಹಾಕಿ, ಜಲ್ಲಿಯ ಮೇಲೆ ನಿನ್ನನ್ನು ಹುಣಸೆ ಮರದವರೆಗೆ ಎಳೆದೆ. ದಾರಿಯಲ್ಲಿ ನೀನೊಮ್ಮೆ ನರಳಿದೆ. ನಾನು ನಿನ್ನ ಬಾಯಿ ಒತ್ತಿ ಹಿಡಿದೆ. ನಾಲ್ಕು ಹುಣಸೆಕಾಯಿ ಕಿತ್ತು ನಿನ್ನ ಸುತ್ತ ಚೆಲ್ಲಿದ ಮೇಲೆಯೇ ಮಂದಿಯನ್ನು ಕೂಗಿದ್ದು.

ಗೋಕಾಕದ ದವಾಖಾನೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದರು. “ಬಿದ್ದಾಗ ಎಲುಬು ಸೀಳಿತ್ತಷ್ಟ. ಎಳದಾಡಿದ್ದಕ್ಕ ಪೂರಾ ಸರದೈತಿ. ಇನ್ನ ನೆಟ್ಟಗಾಗೂದಿಲ್ಲ. ಯಾರು ಎಳದವರು?”

“ಗೊತ್ತಿಲ್ರಿ,” ಎಂದೆ.

ನಿನಗೆ ಎಚ್ಚರವಾದಾಗ, ಹುಣಸೆ ಮರದಿಂದ ಬಿದ್ದೆನೆಂದು ಹೇಳು ಅಂತ ಕಿವಿಯಲ್ಲಿ ಬೇಡಿಕೊಂಡೆ. ನೀನು ಒಪ್ಪಿದೆ. ಊರವರು ಬಾಯಿಚಪಲದವಳೆಂದು ಆಡಿಕೊಂಡರೂ ನಕ್ಕುಬಿಟ್ಟೆ. ಆದರೆ ಎಳೆದದ್ದು — ಅದು ನಿನಗೂ ಗೊತ್ತಿಲ್ಲ.

ಈಗ ಹಳಿ ಬೇರೆ ಕಡೆ ಹೋಗಿ, ಸ್ಟೇಷನ್ನಿನ ತುಂಬ ಜಾಲಿ ಬೆಳೆದಿದೆ. ಹೋದ ವಾರ ಅದರ ಇತಿಹಾಸ ಬರೆಯಲೆಂದು ನಿಡಸೋಸಿಯ ಕಾಲೇಜಿನಿಂದ ಹುಡುಗಿಯೊಬ್ಬಳು ಬಂದಳಲ್ಲ, “ಅಜ್ಜಾರ, ಅಲ್ಲಿ ಏನರ ಅಪಘಾತ ಆಗಿತ್ತೇನ್ರಿ?” ಎಂದು ಕೇಳಿದಳು. “ಇಲ್ಲವ್ವಾ, ಏನೂ ಆಗಿಲ್ಲ,” ಎಂದೆ.

ನೀನು ಚಹಾ ಇಡುತ್ತ ಅವಳಿಗೆ ಹೇಳಿದೆ: “ನಾ ಹುಣಸಿ ಗಿಡದಿಂದ ಬಿದ್ದಾಗ ಇವರ ನನ್ನ ಹೊತಗೊಂಡ ಓಡ್ಯಾರವಾ. ಇವರಿದ್ರಂತ ಇಷ್ಟರ ಕಾಲು ಉಳದೈತಿ.”

ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಅಂದಿನಿಂದ ನಿದ್ದೆ ಹತ್ತಿಲ್ಲ.

ಇಂದು ಮಧ್ಯಾಹ್ನ ನೀನು ಅರಭಾವಿಯ ಮಗಳ ಮನೆಯಿಂದ ಬರುತ್ತೀ. ಬಸ್ಸು ಇಳಿಯುವಾಗ ಎಂದಿನಂತೆ ನನ್ನ ಹೆಗಲ ಮೇಲೆ ಕೈ ಇಡುತ್ತೀ. ಮನೆಗೆ ಬಂದು ಕೂತ ಮೇಲೆ ಈ ಕಾಗದವನ್ನು ನಾನೇ ನಿನ್ನೆದುರು ಓದುತ್ತೇನೆ. ಆ ಹುಡುಗಿಗೂ ಫೋನು ಮಾಡಿ ಹೇಳುತ್ತೇನೆ, ದೀಪ ಹಚ್ಚಿದವಳ ಹೆಸರು ಬರೆದುಕೊಳ್ಳಲಿ.

ಇನ್ನು ಮುಂದೆ ನನ್ನ ಹೆಗಲ ಮೇಲೆ ಕೈ ಇಡುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನನಗೆ ಅಂಜಿಕೆಯಾಗುತ್ತಿದೆ, ಗಂಗಾ.