ಲೈಟ್ ಮೇಸ್ತ್ರಿಯ ಕೆಂಪು ಚುಕ್ಕೆ

ಹೋದ ವಾರ ಕಾರಿನ ಹೆಡ್‌ಲೈಟು ಸರಿ ಮಾಡಿಸಲು ಹೋಗಿದ್ದೆ. ಅಂಗಡಿಯವನು ಬಿಚ್ಚಿದ ಹಳೆಯ ಬಲ್ಬನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಇನ್ನೂ ಬಿಸಿಯಾಗಿತ್ತು. ಗಾಜಿನ ಮೇಲೆ ಧೂಳು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನಾನು ಮಾಡಿದ ಮೊದಲ ಕೆಲಸವೆಂದರೆ ಬಲ್ಬನ್ನು ತಿರುಗಿಸಿ ಬುಡದ ತಗಡಿನ ಮೇಲಿನ ಅಂಕಿ ಓದಿದ್ದು. ಯಾರೂ ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ನನಗೆ ಓದದೆ ಬಿಡುವುದಕ್ಕಾಗುವುದಿಲ್ಲ. ಬಾಗಿಲ ಬಳಿ ಬೆಳಕಿಗೆ ಹಿಡಿದು ಎರಡು ಸಲ ಓದಿದೆ. ಓದುತ್ತಿದ್ದಂತೆ ಭದ್ರಾವತಿಯ ಲೈಟ್ ಮೇಸ್ತ್ರಿ ನೆನಪಾದರು…

ನಾನು ಹುಟ್ಟಾ ಅನುಮಾನದವಳು. ಹಾಲಿಗೆ ಬೆರಳು ಅದ್ದಿ ನೋಡದೆ ಪಾತ್ರೆ ಒಳಗೆ ಒಯ್ದವಳಲ್ಲ. ದರ್ಜಿಯ ಹತ್ತಿರ ಉಳಿದ ತುಂಡು ಬಟ್ಟೆಯನ್ನು ಕೇಳಿ ವಾಪಸು ತರುತ್ತಿದ್ದೆ. "ನಿನ್ ಕಣ್ಣಿಗೆ ಊರಲ್ಲಿರೋರೆಲ್ಲ ಕಳ್ರೇ ಕಣೆ ಮಾರಾಯ್ತಿ" ಎಂದು ಅಮ್ಮ ರೇಗುತ್ತಿದ್ದಳು. ಸಾಲದ್ದಕ್ಕೆ ನನಗೆ ಸಿಕ್ಕಿದ ಕೆಲಸವೂ ಅಂಥದ್ದೇ. ಶಿವಮೊಗ್ಗದ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕಿ. ಮಸೂರ, ಕನ್ನಡಿ, ಬಲ್ಬುಗಳನ್ನು ಒರೆಸಿಡುವುದು, ಹುಡುಗರು ಏನನ್ನೂ ಜೇಬಿಗಿಳಿಸದಂತೆ ಕಾಯುವುದು.

ಅದು ತೊಂಬತ್ತರ ದಶಕದ ಕೊನೆ. ಅಪ್ಪ ಕಾರ್ಖಾನೆಯ ಕೆಲಸ ಅವಧಿಗೆ ಮುಂಚೆಯೇ ಬಿಟ್ಟು, ಒಂದು ಹಳೆಯ ಬಿಳಿ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಭದ್ರಾವತಿಯ ಜನ್ನಾಪುರದಲ್ಲಿದ್ದ ನಮ್ಮ ಮನೆ ನಡೆಯುತ್ತಿದ್ದುದು, ತಂಗಿ ಓದುತ್ತಿದ್ದುದು ಆ ಕಾರಿನಿಂದಲೇ. ಕಾರಿನ ವೈರು, ಬಲ್ಬು ಏನಿದ್ದರೂ ಲೈಟ್ ಮೇಸ್ತ್ರಿಯ ಅಂಗಡಿಗೆ ಹೋಗಬೇಕು. ಬೇರೆ ಯಾರಿಗೂ ಅಪ್ಪ ಮುಟ್ಟಲು ಬಿಡುತ್ತಿರಲಿಲ್ಲ.

ಮೇಸ್ತ್ರಿಯದು ತೆಳ್ಳನೆಯ ಮೈ, ಕಡಿಮೆ ಮಾತು. ಮನೆಮಾತು ತಮಿಳು, ಕನ್ನಡ ನಮ್ಮಷ್ಟೇ ಸಲೀಸು. ಅಂಗಡಿಯ ಎದುರು ಒಂದು ಹಳೆಯ ಗೋದಾಮು, ಅದರ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಗೆರೆಗಳು. ಒಂದೊಂದು ನಮೂನೆಯ ಕಾರಿಗೆ ಒಂದೊಂದು ಗೆರೆ. ಮುಸ್ಸಂಜೆಯಲ್ಲಿ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಲೈಟು ಹಾಕಿಸಿ, ಬೆಳಕಿನ ಮೇಲಂಚು ಗೆರೆಯನ್ನು ಮುಟ್ಟುವ ತನಕ ಹೆಡ್‌ಲೈಟಿನ ಸ್ಕ್ರೂ ತಿರುಗಿಸುತ್ತಿದ್ದರು. ಆಮೇಲೆ ಸ್ಕ್ರೂ ತಲೆಯ ಮೇಲೆ ಒಂದು ಕೆಂಪು ಚುಕ್ಕೆ. ಅದಕ್ಕಾಗಿ ಅವರ ಡಬ್ಬಿಯಲ್ಲಿ ಉಗುರು ಬಣ್ಣದ ಶೀಶೆಯೊಂದು ಇರುತ್ತಿತ್ತು. ಬೇರೆಯವರು ಸ್ಕ್ರೂ ತಿರುಗಿಸಿದರೆ ಬಣ್ಣ ಒಡೆದು ಗೊತ್ತಾಗಬೇಕಂತೆ. ಗಂಡಸಿನ ಡಬ್ಬಿಯಲ್ಲಿ ಉಗುರು ಬಣ್ಣ ಕಂಡ ದಿನವೇ ಈ ಮನುಷ್ಯನ ಮೇಲೆ ಒಂದು ಕಣ್ಣಿಡಬೇಕು ಅಂದುಕೊಂಡಿದ್ದೆ. ಮುಚ್ಚಿಡುವುದೇನೂ ಇಲ್ಲದವರಿಗೆ ಮುದ್ರೆ ಯಾಕೆ ಬೇಕು?

ಅವರದು ಇನ್ನೊಂದು ಪದ್ಧತಿ. ಲೈಟು ಹೊಂದಿಸುವ ದಿನ ಕಾರಿನಲ್ಲಿ ಜನ ತುಂಬಿರಬೇಕು. ಹಿಂದೆ ಭಾರ ಬಿದ್ದರೆ ಕಾರಿನ ಮೂತಿ ಮೇಲೇಳುತ್ತದೆ, ಬೆಳಕೂ ಏಳುತ್ತದೆ. ಖಾಲಿ ಕಾರಿಗೆ ಹೊಂದಿಸಿದರೆ ಬಾಡಿಗೆಯ ದಿನ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಿದ್ದರು. ಹೀಗಾಗಿ ನಾನು, ಅಮ್ಮ, ತಂಗಿ ಮೂವರೂ ತಲೆ ಬಾಚಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂತು ಗೋಡೆ ನೋಡಿ ಬರುತ್ತಿದ್ದೆವು.

ಅಂಥ ಒಂದು ಸಂಜೆ. ಮೇಸ್ತ್ರಿ ಹೆಡ್‌ಲೈಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು, ಅಪ್ಪ ಸ್ಟೇರಿಂಗಿನ ಹಿಂದೆ.

"ಗೆರೆ ಮುಟ್ಟಿದ ತಕ್ಷಣ ಹೇಳಣ್ಣ."

"ಮುಟ್ತು, ಮುಟ್ತು" ಎಂದರು ಅಪ್ಪ.

ಬೆಳಕು ಗೆರೆಯಿಂದ ಒಂದು ಗೇಣು ಕೆಳಗಿತ್ತು. ಹಿಂದೆ ಕೂತ ನನಗೇ ಅದು ಕಾಣುತ್ತಿತ್ತು. ಮೇಸ್ತ್ರಿ ಹೊರಳಿ ಗೋಡೆ ನೋಡಿದರು, ಅಪ್ಪನ ಮುಖ ನೋಡಿದರು. "ನೀವು ಚಹಾ ಕುಡಿದು ಬನ್ನಿಮ್ಮ" ಎಂದು ನಮ್ಮನ್ನು ಕಳುಹಿಸಿದರು. ನಾವು ತಿರುಗಿ ಬಂದಾಗ ಇಬ್ಬರೂ ಗೋಡೆಯ ಹತ್ತಿರ ನಿಂತು ಮೆಲ್ಲಗೆ ಮಾತಾಡುತ್ತಿದ್ದವರು ಥಟ್ಟನೆ ಸುಮ್ಮನಾದರು. ಸ್ಕ್ರೂ ಮೇಲೆ ಕೆಂಪು ಚುಕ್ಕೆ ಬಿದ್ದಿತ್ತು. ಬೆಳಕು ಗೇಣಲ್ಲ, ಮೊಳದಷ್ಟು ಕೆಳಗಿಳಿದಿತ್ತು.

ಅಂದಿನಿಂದ ಅಪ್ಪ ಸಂಜೆಯ ಬಾಡಿಗೆಗಳನ್ನು ಬಿಡತೊಡಗಿದರು. ಮದುವೆಯ ಆರತಕ್ಷತೆ, ರೈಲ್ವೆ ನಿಲ್ದಾಣ, ಶಿವಮೊಗ್ಗದ ಆಸ್ಪತ್ರೆ, ಎಲ್ಲಕ್ಕೂ ಬೇರೆಯವರನ್ನು ತೋರಿಸುತ್ತಿದ್ದರು. ಅಮ್ಮ ಕೆದಕಿದಾಗ, "ಲೈಟು ಸಾಲ್ದು ಕಣೇ. ಮೇಸ್ತ್ರಿ ನೂರು ವ್ಯಾಟಿಂದು ಹಾಕಿದಾರೆ, ಆದ್ರೂ ಕಾಣಲ್ಲ" ಎಂದರು.

ನನ್ನ ಕಿವಿ ನೆಟ್ಟಗಾಯಿತು. ಮರುದಿನ ಬೆಳಿಗ್ಗೆ ಬಾನೆಟ್ ಎತ್ತಿ, ರಬ್ಬರಿನ ಮುಚ್ಚಳ ಸರಿಸಿ, ಒಂದು ಬಲ್ಬು ಬಿಚ್ಚಿ ಬುಡ ನೋಡಿದೆ. ಅರವತ್ತು-ಐವತ್ತೈದು ವ್ಯಾಟು. ಮಾಮೂಲಿ ಬಲ್ಬು. ಸಿಕ್ಕಿಬಿದ್ದ ಅಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆಗ ಸಿಟ್ಟಿಗಿಂತ ಖುಷಿಯೇ ಹೆಚ್ಚಾಗಿತ್ತು.

ಬಲ್ಬನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನೇರ ಅಂಗಡಿಗೆ ಹೋದೆ. ನಾಲ್ಕೈದು ಚಾಲಕರು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಎಲ್ಲರೂ ಅಪ್ಪ ಕಾರು ನಿಲ್ಲಿಸುವ ಟ್ಯಾಕ್ಸಿ ಸ್ಟ್ಯಾಂಡಿನವರೇ. ಒಳ್ಳೆಯದೇ ಆಯಿತು, ನಾಲ್ಕು ಜನರೆದುರು ಮಾತಾಗಲಿ ಅಂದುಕೊಂಡೆ.

"ಏನ್ ಮೇಸ್ತ್ರಿ, ಇದು ನೂರು ವ್ಯಾಟಾ?"

ಅವರು ಬಲ್ಬು ನೋಡಲಿಲ್ಲ, ನನ್ನ ಮುಖ ನೋಡಿದರು. "ಅಲ್ಲಮ್ಮ. ಅರವತ್ತು."

"ಅಪ್ಪಂಗೆ ನೂರು ಅಂತ ಯಾಕ್ ಹೇಳಿದ್ರಿ?"

ಒಮ್ಮೆ ಬೆಂಚಿನ ಕಡೆ ಕಣ್ಣು ಹಾಯಿಸಿದರು. "ಹೇಳಿದೀನಿ… ತಪ್ಪಾಯ್ತು."

"ಲೈಟು ನೆಲ ನೋಡೋ ಹಂಗೆ ಇಟ್ಟಿದೀರಲ್ಲ, ಅದೂ ತಪ್ಪಾಗಿದ್ದೇನಾ?"

"ನೂರು ವ್ಯಾಟು ರೋಡಿಗಲ್ಲಮ್ಮ. ರೂಲ್ಸಲ್ಲೂ ಇಲ್ಲ. ಎದುರಿಂದ ಬರೋನ ಕಣ್ಣು ಕತ್ಲೆ ಕಟ್ಟುತ್ತೆ. ಬ್ರೇಕ್ ಇನ್ಸ್‌ಪೆಕ್ಟರ್ ಕಂಡ್ರೆ ಎಫ್‌ಸಿ ಕೊಡಲ್ಲ."

ಬಾಡಿಗೆ ಕಾರುಗಳು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಂತು ರಸ್ತೆಗಿಳಿಯಲು ಯೋಗ್ಯವೆಂದು ಪಡೆಯುವ ಕಾಗದವೇ ಆ ಎಫ್‌ಸಿ. ಕಳ್ಳನ ಬಾಯಲ್ಲಿ ಕಾನೂನು ಬೇರೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಂದೆ. ಮೇಸ್ತ್ರಿ ಎದುರಾಡಲಿಲ್ಲ. ಎದುರಾಡದಿದ್ದುದೇ ನನಗೆ ಸಾಕ್ಷಿಯಾಯಿತು.

ಆ ವಾರವೇ ಅಪ್ಪನನ್ನು ಶಿವಮೊಗ್ಗಕ್ಕೆ ಹೊರಡಿಸಿದೆ. ಅಲ್ಲಿ ಬಸ್ ನಿಲ್ದಾಣದ ಹಿಂದಿನ ಅಂಗಡಿಯೊಂದರಲ್ಲಿ ನೂರು ವ್ಯಾಟಿನ ಹ್ಯಾಲೊಜೆನ್ ಹಾಕಿಸಿದೆ. ಎಫ್‌ಸಿ ದಿನ ಮಾತ್ರ ಹಳೆಯ ಬಲ್ಬು ಹಾಕಿಕೊಂಡು ಹೋಗಿ ಎಂದು ಅಂಗಡಿಯವನೇ ಉಪಾಯ ಹೇಳಿಕೊಟ್ಟ. ಲೈಟಿನ ಮುಖ ಮೇಲಕ್ಕೆತ್ತಲು ಅವನು ಸ್ಕ್ರೂ ತಿರುಗಿಸಿದಾಗ ಕೆಂಪು ಬಣ್ಣ ಚೂರಾಗಿ ಉದುರಿತು. ಅಪ್ಪ ಕಾರಿನಿಂದ ಇಳಿಯಲೇ ಇಲ್ಲ. "ಬೇಡ ಬಿಡೇ" ಎಂದು ಒಂದೇ ಸಲ ಹೇಳಿದರು. ಆದರೆ ಹೊಸ ಲೈಟಿನಲ್ಲಿ ಮನೆಗೆ ಬರುವಾಗ ಅವರ ಮುಖ ಅರಳಿದ್ದೂ ಸುಳ್ಳಲ್ಲ. "ಹಗಲಿದ್ದಂಗಿದೆ ಕಣೇ" ಎಂದರು. ಸಂಜೆಯ ಬಾಡಿಗೆಗಳು ಮತ್ತೆ ಶುರುವಾದವು. ನಾನು ಬೀಗಿದೆ.

ಮೂರನೇ ವಾರ, ಶಿವಮೊಗ್ಗದಲ್ಲಿ ಗಿರಾಕಿಗಳನ್ನು ಇಳಿಸಿ ಅಪ್ಪ ಒಬ್ಬರೇ ವಾಪಸು ಬರುವಾಗ, ಇನ್ನೂ ಪೂರ್ತಿ ಕತ್ತಲಾಗುವ ಮುಂಚೆಯೇ, ಕಾರು ರಸ್ತೆಬದಿಯ ಚರಂಡಿಗೆ ಇಳಿಯಿತು. ಮೊಣಕೈ ಮುರಿಯಿತು. ಎದುರಿನ ಲಾರಿಯ ಬೆಳಕು ಬಿದ್ದದ್ದೇ ತಡ, ಎಲ್ಲವೂ ಬರೀ ಬಿಳಿಯಾಯಿತಂತೆ. ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಎರಡೂ ಕಣ್ಣಿಗೆ ಪೊರೆ ಬಂದಿದೆಯಲ್ಲ, ಎಷ್ಟು ದಿನ ಆಯ್ತು?" ಎಂದು ಕೇಳಿದರು. ನಾವು ಬಾಯಿ ಬಿಟ್ಟುಕೊಂಡು ಅಪ್ಪನನ್ನು ನೋಡಿದೆವು. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು.

ಆಮೇಲೆ ಅವರೇ ಹೇಳಿದರು. ಆ ಸಂಜೆ ಗೆರೆ ಕಾಣದೆ "ಮುಟ್ತು" ಎಂದಾಗಲೇ ಮೇಸ್ತ್ರಿಗೆ ತಿಳಿದುಹೋಗಿತ್ತು. ಪೊರೆ ಬಂದ ಕಣ್ಣಿಗೆ ಬೆಳಕು ಹೆಚ್ಚಿದಷ್ಟೂ ಕೇಡು ಎಂದಿದ್ದರು. ದೀಪ ಹಚ್ಚುವ ಹೊತ್ತಿನ ಮೇಲೆ ಕಾರು ಮುಟ್ಟಬಾರದೆಂದು ಅಪ್ಪನಿಂದ ಭಾಷೆ ತೆಗೆದುಕೊಂಡಿದ್ದರು. ತಂಗಿಯ ಪರೀಕ್ಷೆ ಮುಗಿದ ಮೇಲೆ ಆಪರೇಷನ್ ಮಾಡಿಸುತ್ತೇನೆ, ಅಲ್ಲಿಯವರೆಗೆ ಮನೆಯಲ್ಲೂ ಸ್ಟ್ಯಾಂಡಿನಲ್ಲೂ ಹೇಳಬೇಡಿ ಎಂದು ಅಪ್ಪ ಬೇಡಿಕೊಂಡಿದ್ದರು. ಅಪ್ಪ ಬಾಡಿಗೆಯ ಆಸೆಗೆ ಬಿದ್ದರೂ ಕತ್ತಲಲ್ಲಿ ಓಡಿಸಲು ಧೈರ್ಯ ಬರದಿರಲಿ ಎಂದು ಮೇಸ್ತ್ರಿ ಬೆಳಕನ್ನು ನೆಲಕ್ಕಿಳಿಸಿ ಬಣ್ಣ ಹಚ್ಚಿದ್ದರು. ವಾರಕ್ಕೊಮ್ಮೆ ಸ್ಟ್ಯಾಂಡಿಗೆ ಬಂದು ಆ ಚುಕ್ಕೆ ನೋಡಿ ಹೋಗುತ್ತಿದ್ದರಂತೆ. ನಾನು ಕಳ್ಳ ಎಂದು ಬಂದ ಮೇಲೆ ಆ ಕಡೆ ಬಂದಿರಲಿಲ್ಲ. ನೂರು ವ್ಯಾಟಿನ ಮಾತು ಅಪ್ಪ ನಮಗೆ ಹೇಳಿದ ಸುಳ್ಳು.

ಅಂಗಡಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಬೆಂಚು ಖಾಲಿಯಿತ್ತು. "ಕೂತ್ಕೊಮ್ಮ, ಅಣ್ಣನ ಕೈ ಹೇಗಿದೆ?" ಎಂದರು. ನನ್ನ ಬಾಯಿಂದ ಬಂದದ್ದು ಮತ್ತೆ ಆರೋಪವೇ. "ಅವತ್ತು ನಾನ್ ಕೇಳ್ದಾಗ್ಲಾದ್ರೂ ಹೇಳ್ಬಹುದಿತ್ತಲ್ಲ ಮೇಸ್ತ್ರಿ?"

ಅವರು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟರು. "ಹೇಳ್ಬೇಕಿತ್ತು, ನಂದೇ ತಪ್ಪು. ಆದ್ರೆ ನೀನು ಅವ್ರೆಲ್ರ ಮುಂದೆ ಕೇಳ್ದೆಯಮ್ಮ. ಡ್ರೈವರ್‌ಗೆ ಕಣ್ಣು ಕಾಣಲ್ಲ ಅಂತ ಸ್ಟ್ಯಾಂಡಿನೋರ ಮುಂದೆ ಹ್ಯಾಗ್ ಹೇಳ್ಲಿ?"

ನಾನು ಎದ್ದು ಬಂದೆ. ಆ ಒಂದು ಮಾತು, ಕ್ಷಮಿಸಿ ಎನ್ನುವುದು, ಆಗಲೂ ಬರಲಿಲ್ಲ. ಅಪ್ಪನ ಕಣ್ಣು ಸರಿಹೋಯಿತು, ಕಾರು ಮಾರಾಯಿತು, ನಾನು ಮದುವೆಯಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದೆ. ಕೆಲವು ವರ್ಷಗಳ ಮೇಲೆ ಆ ದಾರಿಯಲ್ಲಿ ಹೋದಾಗ ಗೋದಾಮಿನ ಗೋಡೆ ಇರಲಿಲ್ಲ. ಪಕ್ಕದ ಚಹಾದ ಅಂಗಡಿಯವರು, "ಅವ್ರು ಹೋಗಿ ಎರಡು ವರ್ಷ ಆಯ್ತಲ್ಲ" ಎಂದರು. ಎಲ್ಲಿಗೆ ಎಂದು ಕೇಳಲು ಹೊರಟು, ಅವರ ಮುಖ ನೋಡಿ ಸುಮ್ಮನಾದೆ…

ಹೋದ ವಾರದ ಅಂಗಡಿಯಲ್ಲಿ ಗೋಡೆಯ ಕೆಲಸವೇ ಇಲ್ಲ. ಕಾರಿನ ಮುಂದೆ ಒಂದು ಯಂತ್ರ ತಂದು ನಿಲ್ಲಿಸಿದರು, ಹಿಂದಿನ ಸೀಟು ಖಾಲಿ.

"ಕರೆಕ್ಟಾಗಿದೆ ಮೇಡಂ."

"ಇನ್ನೂ ಸ್ವಲ್ಪ ಇಳಿಸಿ."

"ಇನ್ನೂ ಇಳಿಸಿದ್ರೆ ನಿಮಗೇ ರೋಡ್ ಕಾಣಲ್ಲ."

"ಗೊತ್ತು. ಇಳಿಸಿ."

ಅವನು ನನ್ನನ್ನು ಒಂದು ಥರ ನೋಡಿದ. ಹೇಳಿದಷ್ಟು ಇಳಿಸಿದ. ಅಂದು ಆಸ್ಪತ್ರೆಯಲ್ಲಿ ಅಪ್ಪನಿಗೆ ಹೇಳಿದ ಪೊರೆಯ ಮಾತನ್ನೇ ಕಳೆದ ತಿಂಗಳು ಕಣ್ಣಿನ ಡಾಕ್ಟರು ನನಗೂ ಹೇಳಿದ್ದಾರೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಬರುವಾಗ ಬಳೆ ಅಂಗಡಿಯಲ್ಲಿ ಒಂದು ಶೀಶೆ ಕೆಂಪು ಉಗುರು ಬಣ್ಣ ಕೊಂಡೆ. ಮನೆಯ ಮುಂದೆ ಬಾನೆಟ್ ಎತ್ತಿ ಎರಡೂ ಸ್ಕ್ರೂಗಳ ಮೇಲೆ ಒಂದೊಂದು ಚುಕ್ಕೆ ಇಟ್ಟೆ. ಅದು ಒಡೆದಿದೆಯೇ ಎಂದು ವಾರಕ್ಕೊಮ್ಮೆ ಬಂದು ನೋಡುವವರು ಈಗ ಯಾರೂ ಇಲ್ಲ.